ಎಡಕ್ಕೊಂದು ಕೆಂಪು ಕಲ್ಲು

ಕಳೆದ ತಿಂಗಳು ಯಲಹಂಕ ಉಪನಗರದ ನಮ್ಮ ಪಕ್ಕದ ಮನೆಯಲ್ಲಿ ಮಗುವಿಗೆ ಕಿವಿ ಚುಚ್ಚಿಸಿದರು. ಚಿನ್ನದ ಕೆಲಸದ ಆಚಾರಿ ಮನೆಗೇ ಬಂದಿದ್ದರು. ನಾನು ನಿವೃತ್ತ ನರ್ಸು ಅನ್ನುವ ಕಾರಣಕ್ಕೆ ಮಗುವಿನ ತಲೆ ಅಲ್ಲಾಡದಂತೆ ಹಿಡಿದುಕೊಳ್ಳಲು ನನ್ನನ್ನು ಕರೆದರು. ಹಿಡಿದುಕೊಂಡೆ. ಎರಡೂ ಕಿವಿಗೆ ಚಿನ್ನದ ತಂತಿ ಏರಿತು, ಮಗು ಅತ್ತಿತು, ಸುತ್ತ ನಿಂತವರು ನಕ್ಕರು. ಅಷ್ಟರಲ್ಲಿ ಮಗುವಿನ ಅಜ್ಜಿ ಸಣ್ಣ ಸೌಟಿನಲ್ಲಿ ಹರಳೆಣ್ಣೆ ಬಿಸಿ ಮಾಡಿ, ಅದಕ್ಕೆ ಅರಿಶಿನ ಕಲಸಿ ತಂದರು. ಬಿಸಿ ಹರಳೆಣ್ಣೆಯಲ್ಲಿ ಅರಿಶಿನ ಕರಗುವ ಆ ವಾಸನೆ ಬಂದದ್ದೇ ಮಗುವನ್ನು ತಾಯಿಯ ಕೈಗೆ ಕೊಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ತಾಯಿ ಸುಷ್ಮಾ ಹಿಂದೆಯೇ ಬಂದಳು. "ಯಾಕ್ ಆಂಟಿ, ಸುಸ್ತಾಯ್ತಾ? ಒಂದ್ ಮಾತು. ಇವಳನ್ನ ವಾರಕ್ಕೊಂದ್ಸಲ ನಿಮ್ಮ ಹತ್ರ ಕರ್ಕೊಂಡ್ ಬಂದು ತೋರಿಸ್ಲಾ? ನೀವ್ ನೋಡಿದ್ರೆ ನಂಗೆ ಧೈರ್ಯ."

"ಸ್ವಲ್ಪ ತಡಿಯಮ್ಮ, ಹೇಳ್ತೀನಿ" ಅಂದೆ.

ಅದು ಒಂದು ಮಾತಿನಲ್ಲಿ ಉತ್ತರ ಕೊಡಬಹುದಾದ ಪ್ರಶ್ನೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಇಪ್ಪತ್ತಾರು ವರ್ಷ. ಗದಗಿನ ಹತ್ತಿರದ ಒಂದು ಹಳ್ಳಿಯವಳು ನಾನು; ಹುಬ್ಬಳ್ಳಿಯಲ್ಲಿ ನರ್ಸಿಂಗ್ ಮುಗಿಸಿ, ಹೆಬ್ಬಾಳದ ಕೆರೆಯ ಈಚೆಗಿದ್ದ ಒಂದು ಸಣ್ಣ ಧರ್ಮಾಸ್ಪತ್ರೆಗೆ ಸೇರಿದ್ದೆ. ಆ ಆಸ್ಪತ್ರೆ ಈಗಿಲ್ಲ. ಇಪ್ಪತ್ತು ಹಾಸಿಗೆ, ಒಂದು ಆಪರೇಷನ್ ಕೋಣೆ, ಹಿಂದೆ ನಮ್ಮ ಕ್ವಾರ್ಟರ್ಸು. ನನ್ನ ಕೋಣೆಯ ಕಿಟಕಿಯಿಂದ ಕೆರೆ ಕಾಣುತ್ತಿತ್ತು. ಉಳಿದ ನರ್ಸುಗಳೆಲ್ಲ ಕೇರಳದವರು. ಒಳ್ಳೆಯವರೇ, ಆದರೆ ಡ್ಯೂಟಿ ಮುಗಿದ ಮೇಲೆ ಅವರ ಮಾತು ಅವರ ಭಾಷೆಯಲ್ಲಿ. ಊರಿಂದ ತಂದ ಜೋಳದ ಹಿಟ್ಟು ಮುಗಿಯುವವರೆಗೆ ರೊಟ್ಟಿ ತಟ್ಟಿಕೊಂಡೆ, ಆಮೇಲೆ ಅವರ ಜೊತೆ ಕುಸುಬಲಕ್ಕಿ ಅನ್ನ ಉಂಡೆ. ಎಲ್ಲರಿಗೂ ನಾನು 'ಸಿಸ್ಟರ್'. ಒಂದು ದಿನ ಊರಿಂದ ಬಂದ ಕಾಗದದ ಮೇಲೆ ನನ್ನ ಹೆಸರು ನೋಡಿ, ಇದನ್ನು ಯಾರ ಬಾಯಿಂದಲಾದರೂ ಕೇಳಿ ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಿದ್ದು ನೆನಪಿದೆ. ನಾಲ್ಕು ತಿಂಗಳು ದಾಟಿತ್ತು.

ಬುಧವಾರ ಸಿಟಿಯಿಂದ ಪ್ಲಾಸ್ಟಿಕ್ ಸರ್ಜನ್ ಒಬ್ಬರು ಬರುತ್ತಿದ್ದರು. ಸೀಳುತುಟಿಯ ಮಕ್ಕಳಿಗೆ ಹೊಲಿಗೆ ಹಾಕುತ್ತಿದ್ದರು. ತುಟಿ ಹೊಲಿದರೂ ಅನೇಕರಿಗೆ ಮೂಗು ಸೊಟ್ಟಗೇ ಉಳಿಯುತ್ತದೆ. ದೊಡ್ಡವರಾದ ಮೇಲೆ ಅದನ್ನು ಸರಿಪಡಿಸಿಕೊಳ್ಳಲು ಬರುವವರೂ ಇರುತ್ತಿದ್ದರು. ಹಾಗೆ ಬಂದವಳು ಜಯಮ್ಮ.

ಜೂನ್ ತಿಂಗಳು. ಹೊರಗೆ ಜಿಟಿಜಿಟಿ ಮಳೆ. ಚಿಕ್ಕಜಾಲದಿಂದ ಅಜ್ಜಿಯ ಜೊತೆ ಬಸ್ಸಿನಲ್ಲಿ ಬಂದಿದ್ದಳು. ಹತ್ತೊಂಬತ್ತು ವರ್ಷ ಇರಬೇಕು. ಸೆರಗಿನ ಅಂಚನ್ನು ಮೂಗು ಬಾಯಿ ಮುಚ್ಚುವಂತೆ ಎಡಗೈಯಲ್ಲಿ ಹಿಡಿದಿದ್ದಳು. ಆ ಕೈಯ ಬೆರಳ ಸಂದುಗಳು ನೀಲಿಯಾಗಿದ್ದವು. ಅವರದು ದ್ರಾಕ್ಷಿ ತೋಟ. ಬಳ್ಳಿಗೆ ಹೊಡೆಯಲು ಮೈಲುತುತ್ತ ಕಲಸಿದರೆ ಬಣ್ಣ ಬೆರಳಿಗೆ ಹತ್ತಿ ವಾರಗಟ್ಟಲೆ ಹೋಗುವುದಿಲ್ಲ ಎಂದು ಆಮೇಲೆ ಹೇಳಿದಳು. ಡಾಕ್ಟರು ಅವಳ ತಲೆಯನ್ನು ಹಿಂದಕ್ಕೆ ಬಾಗಿಸಿ ಕೆಳಗಿನಿಂದ ನೋಡಿದರು. ನಾನೂ ನೋಡಿದೆ. ಬಲಗಡೆಯ ಹೊಳ್ಳೆ ನೆಟ್ಟಗೆ ನಿಲ್ಲಿಸಿದ ಅವರೆಕಾಳಿನ ಹಾಗಿತ್ತು. ಎಡಗಡೆಯದು ಅದೇ ಕಾಳನ್ನು ಅಡ್ಡ ಮಲಗಿಸಿದ ಹಾಗೆ. ಮೂಗಿನ ತುದಿ ಎಡಕ್ಕೆ ವಾಲಿ, ತುಟಿಯ ಹಳೆಯ ಗಾಯದ ಗೆರೆಯನ್ನು ಮುಟ್ಟುವಷ್ಟು ಇಳಿದಿತ್ತು.

"ಉಟ್ಟಿದಾಗ್ಲೆ ತುಟಿ ಸೀಳಿತ್ತು" ಎಂದಳು ಅಜ್ಜಿ. "ಗ್ರಹಣದಾಗೆ ತರಕಾರಿ ಎಚ್ಚಿದ್ಲು ಅಂತ ಊರೋರೆಲ್ಲ ಇವಳವ್ವನ್ನೇ ಅಂದ್ರು. ಅವಳು ಸಾಯೋಗಂಟ ಅಂದ್ರು."

"ಈಗ ಯಾಕೆ ಆಪರೇಷನ್ ಮಾಡಿಸ್ಬೇಕು ಅಂತಿದ್ದೀಯಮ್ಮ? ಮದುವೆ ಗೊತ್ತಾಗಿದ್ಯಾ?" ಎಂದು ಡಾಕ್ಟರು ಕೇಳಿದರು.

ಜಯಮ್ಮ ಇಲ್ಲವೆಂದು ತಲೆಯಾಡಿಸಿ ಅಜ್ಜಿಯನ್ನು ನೋಡಿದಳು. ಅಜ್ಜಿ ಎಲೆಅಡಿಕೆ ಚೀಲದಿಂದ ಸಣ್ಣ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಹತ್ತಿಯ ಮೇಲೆ ಒಂದೇ ಕೆಂಪು ಕಲ್ಲಿನ ಮೂಗುಬೊಟ್ಟು. ಜಯಮ್ಮನ ತಾಯಿಯದು. ಅವರ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಎಡಕ್ಕೇ ಚುಚ್ಚುವುದು. ಜಯಮ್ಮನಿಗೆ ಎಂಟು ವರ್ಷವಾದಾಗ ತಾಯಿಯೇ ಅವಳನ್ನು ಆಚಾರಿಯ ಹತ್ತಿರ ಕರೆದೊಯ್ದಿದ್ದಳಂತೆ. ಅವನು ಮೂಗು ಹಿಡಿದು ನೋಡಿ, "ಈ ಕಡೆ ಚುಚ್ಚಿದ್ರೆ ಕಲ್ಲು ಬಾಯೊಳಕ್ಕೆ ನೋಡ್ತದೆ ಕಣಮ್ಮ, ಬೇಡ" ಎಂದು ಕಳಿಸಿದನಂತೆ. ಮರುವರ್ಷ ತಾಯಿ ಹೋದಳು.

"ಅದು ನಿಲ್ಲೋವಂಗೆ ಮಾಡಿಕೊಡಿ ಸಾಮಿ" ಎಂದಳು ಜಯಮ್ಮ. ಅವಳ ದನಿ ನಾನು ಮೊದಲು ಕೇಳಿದ್ದು ಆಗ.

ಆಪರೇಷನ್ನಿಗೆ ನಾನೇ ಜೊತೆಗಿದ್ದೆ. ಡಾಕ್ಟರು ಹೊಳ್ಳೆಯ ಒಳ ಅಂಚಿನಲ್ಲಿ ಕೊಯ್ದು, ಎಡಗಡೆ ಬಿದ್ದುಹೋಗಿದ್ದ ಮೆತ್ತನೆಯ ಮೂಳೆಯನ್ನು ಸುತ್ತಲಿನ ಚರ್ಮದಿಂದ ಬಿಡಿಸಿ, ಮೇಲಕ್ಕೆತ್ತಿ ಬಲಗಡೆಯದಕ್ಕೆ ಹೊಲಿದರು. ಅದಕ್ಕೆ ಆಸರೆಯಾಗಿ ಎಡಗಿವಿಯ ಹಿಂದಿನಿಂದ ಅದೇ ಬಗೆಯ ಮೂಳೆಯ ಒಂದು ಸಣ್ಣ ಚೂರು ತೆಗೆದು ಕೂಡಿಸಿದರು. ಉಗುರಿನ ಅರ್ಧದಷ್ಟು ಚೂರು. ಉಪ್ಪುನೀರಿನ ಬಟ್ಟಲಲ್ಲಿ ಅದನ್ನು ಹಿಡಿದುಕೊಂಡು ನಿಂತವಳು ನಾನು.

ಮುಗಿದ ಮೇಲೆ ಕೈ ತೊಳೆಯುತ್ತಾ ಡಾಕ್ಟರು ನನಗೆ ಹೇಳಿದರು: "ಹೊಳ್ಳೆ ಒಳಗೆ ಟ್ಯೂಬ್ ಆರು ತಿಂಗಳು ಇರ್ಬೇಕು ಸಿಸ್ಟರ್, ಇಲ್ದಿದ್ರೆ ಮತ್ತೆ ಕುಗ್ಗುತ್ತೆ. ಮೊದಲ್ನೇ ತಿಂಗಳು ವಾರಕ್ಕೊಂದ್ಸಲ ಬರ್ಲಿ. ಆಮೇಲೆ ತಿಂಗಳಿಗೊಂದ್ಸಲ ಸಾಕು. ತೆಗೆದು ತೊಳೆದು ಹಾಕ್ಕೊಳ್ಳೋದು ಅವಳಿಗೇ ಕಲಿಸಿಬಿಡಿ. ಇನ್ನೊಂದು, ಆ ಕಡೆ ಮೂಗು ಚುಚ್ಚಿಸೋದು ಒಂದು ವರ್ಷ ಬೇಡ್ವೇ ಬೇಡ. ಆಮೇಲೂ ನನ್ನ ಕೇಳಿ. ಸೋಂಕಾದ್ರೆ ಆ ಚೂರು ಉಳಿಯಲ್ಲ." ಅವರು ಇದನ್ನು ಅಜ್ಜಿಗೆ ಹೇಳಲಿಲ್ಲ. ಹೇಳುವ ಪದ್ಧತಿಯೂ ಇರಲಿಲ್ಲ. ಅವರು ನನಗೆ ಹೇಳುವುದು, ನಾನು ಮನೆಯವರಿಗೆ ದಾಟಿಸುವುದು. ಇಷ್ಟು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ.

ಹತ್ತು ದಿನ ಅವಳು ವಾರ್ಡಿನಲ್ಲಿದ್ದಳು. ಮಧ್ಯಾಹ್ನ ಕೆಲಸ ಕಡಿಮೆ. ಮಳೆ ಸುರಿಯುತ್ತಿದ್ದರೆ ನಾನು ಅವಳ ಹಾಸಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಹತ್ತಿ ಸುತ್ತುತ್ತಾ ಕೂರುತ್ತಿದ್ದೆ.

"ನಿಮ್ಮೆಸ್ರೇನಕ್ಕಾ?"

"ಸಿಸ್ಟರ್ ಅನ್ನು, ಸಾಕು."

"ಅದು ಎಸ್ರಾ?"

"ಶಾಂತಾ."

"ಶಾಂತಕ್ಕ" ಎಂದಳು. ಮತ್ತೆ ಅವಳು ಬೇರೆ ಯಾವ ಹೆಸರಿನಿಂದಲೂ ಕರೆಯಲಿಲ್ಲ.

ನನ್ನ ಮಾತು ಅವಳಿಗೆ ತಮಾಷೆ. "ಶಾಂತಕ್ಕ, ಆಗ್ಲೆ ಏನೋ ಅಂದ್ರಲ್ಲ, ಮಾಡಾಕ... ಏನದು, ಇನ್ನೊಂದ್ಸಲ ಅನ್ನಿ."

"ಮಾಡಾಕತ್ತೀನಿ."

ಅವಳ ಭುಜ ಕುಲುಕತೊಡಗಿತು. ನಾನು ಗಾಬರಿಯಾಗಿ, "ನಗಬ್ಯಾಡ, ಹೊಲಿಗಿ ಬಿಚ್ಚತಾವ" ಅಂದರೆ ಇನ್ನೂ ಹೆಚ್ಚಾಯಿತು. ಪಟ್ಟಿಯ ಕೆಳಗೆ ತುಟಿ ಬಿಗಿಹಿಡಿದು ಕಣ್ಣಲ್ಲೇ ನಕ್ಕಳು, ನೀರು ಬರುವವರೆಗೆ.

ಮನೆಗೆ ಹೋದ ಮೇಲೆ ಮೊದಲ ನಾಲ್ಕು ಬುಧವಾರ ನಿಯಮದಂತೆ ಬಂದಳು. ಕೆಂಪು ರಬ್ಬರ್ ಕೊಳವೆಯನ್ನು ಒಂದು ಗೆಣ್ಣಿನಷ್ಟು ಕತ್ತರಿಸಿ, ಅಂಚನ್ನು ಬ್ಲೇಡಿನಿಂದ ನಯವಾಗಿ ಸವರಿ, ಕುದಿಸಿ, ಹೊಳ್ಳೆಗೆ ಕೂಡಿಸಿ, ದಾರವನ್ನು ಕೆನ್ನೆಗೆ ಅಂಟಿಸುವುದು. ಐದು ನಿಮಿಷದ ಕೆಲಸ. ಆಮೇಲೆ ಮೂರೂವರೆಯ ದೇವನಹಳ್ಳಿ ಬಸ್ಸಿನವರೆಗೆ ಪಂಪ್‌ಹೌಸಿನ ಪಕ್ಕದ ನೇರಳೆ ಮರದ ಕೆಳಗೆ ನಾವಿಬ್ಬರೂ ಕೂರುತ್ತಿದ್ದೆವು. ಹಲಸಿನ ತೊಳೆ ತರುತ್ತಿದ್ದಳು. ಊರಿನ ಜಗಳ, ಎಮ್ಮೆ, ಅಜ್ಜಿಯ ಹಟ, ಎಲ್ಲ ಹೇಳುತ್ತಿದ್ದಳು.

ನಾಲ್ಕನೆಯ ಬುಧವಾರ ಅವಳಿಗೆ ಕೊಳವೆ ತೆಗೆದು ಹಾಕಿಕೊಳ್ಳುವುದನ್ನು ಕಲಿಸಬೇಕಿತ್ತು. ಕನ್ನಡಿಯನ್ನೂ ತಂದಿಟ್ಟಿದ್ದೆ. ಅವಳು ಕೂತಳು, ನಾನು ಕೊಳವೆ ಬದಲಿಸಿದೆ. ಆಮೇಲೆ ಹೇಳಿದೆ: "ಬರೋ ಬುಧವಾರ ಬಾ. ಮನ್ಯಾಗ ತಗೀಬ್ಯಾಡ, ಸೋಂಕಾಗ್ತದ."

ಆ ಎರಡು ಮಾತಿನಲ್ಲಿ ಒಂದೂ ನಿಜವಲ್ಲ. ನಾನು ಮೊದಲೇ ಯೋಚಿಸಿಟ್ಟುಕೊಂಡು ಹೇಳಿದ್ದಲ್ಲ. ಆದರೆ ಹೇಳಿದ ಮೇಲೆ ತಿದ್ದಲಿಲ್ಲ. ಮುಂದಿನ ಬುಧವಾರ ಮತ್ತೆ ಹೇಳಿದೆ, ಅದರ ಮುಂದಿನ ಬುಧವಾರವೂ. ಮಧ್ಯೆ ಡಾಕ್ಟರು ತಿಂಗಳಿಗೊಮ್ಮೆ ನೋಡಿ 'ಚೆನ್ನಾಗಿದೆ' ಅನ್ನುವರು. ಉಳಿದ ಬುಧವಾರಗಳಲ್ಲಿ ಅವರು ಆಪರೇಷನ್ ಕೋಣೆಯಲ್ಲಿರುವಾಗ ಅವಳು ಬಂದು ಹೋಗುತ್ತಿದ್ದಳು.

ಆಯಾ ಮೇರಿಯಮ್ಮನಿಗೆ ಮಾತ್ರ ಅನುಮಾನ. "ಏನ್ ಸಿಸ್ಟರ್, ಆ ಹುಡುಗಿ ಮೂಗೊಳಗೆ ವಾರ ವಾರ ಏನ್ ನೋಡ್ತೀರಾ? ಸಿನಿಮಾ ಓಡ್ತಾ ಇದ್ಯಾ?" ಎಂದು ನಗುತ್ತಿದ್ದಳು. ಹಾಗೆ ಅಂದುಕೊಂಡೇ ಇಬ್ಬರಿಗೂ ಕಾಫಿ ತಂದಿಡುತ್ತಿದ್ದಳು.

ಅಕ್ಟೋಬರಿನ ಒಂದು ಬುಧವಾರ ಜಯಮ್ಮ ಗೇಟಿನಿಂದ ನಡೆದು ಬರುವುದನ್ನು ಕಿಟಕಿಯಿಂದ ನೋಡಿದೆ. ಸೆರಗು ಭುಜದ ಮೇಲಿತ್ತು. ಎರಡೂ ಕೈ ಬೀಸಿಕೊಂಡು ಬರುತ್ತಿದ್ದಳು. ಮೂಗಿನ ತುದಿ ನಡುವಿಗೆ ಬಂದಿತ್ತು, ಎಡ ಹೊಳ್ಳೆ ಬಲದಷ್ಟಲ್ಲದಿದ್ದರೂ ಎದ್ದು ನಿಂತಿತ್ತು. ಅವತ್ತು ಮಾತ್ರ ಬಸ್ಸು ಬರುವವರೆಗೆ ಅವಳು ಮಾತಾಡಿದ್ದೇ ಮಾತಾಡಿದ್ದು.

"ತೋಟದಾಗೆ ಬಳ್ಳಿ ಸವರ್ತಾ ಅವ್ರೆ, ಆಳಿಲ್ಲ" ಎಂದಳು ಕೊನೆಗೆ. "ಬುದ್ವಾರ ಅಂದ್ರೆ ಒಂದಿನದ ಕೆಲ್ಸ ಓಯ್ತು ಅಂತ ಅಜ್ಜಿ ಬೈತಾಳೆ."

"ಮೂಗು ಮುಖ್ಯನೋ ದ್ರಾಕ್ಷಿ ಮುಖ್ಯನೋ ಅಂತ ಕೇಳು ನಿಮ್ಮಜ್ಜಿನ" ಅಂದೆ.

ಕೇಳಿದಳಂತೆ. ಮುಂದಿನ ಬುಧವಾರವೂ ಬಂದಳು.

ಡಿಸೆಂಬರಿನಲ್ಲಿ ನನ್ನ ತಂಗಿಯ ಬಾಣಂತನಕ್ಕೆಂದು ಎಂಟು ದಿನ ಊರಿಗೆ ಹೋದೆ. ಆ ವಾರದ ಬುಧವಾರ ಜಯಮ್ಮನ ಜೊತೆ ಅಜ್ಜಿಯೂ ಬಂದಿದ್ದಳು. ನನ್ನ ಜಾಗದಲ್ಲಿ ಹೊಸದಾಗಿ ಸೇರಿದ್ದ ನರ್ಸು ಇದ್ದಳು. ಅವಳು ಐದು ನಿಮಿಷದಲ್ಲಿ ಜಯಮ್ಮನ ಕೈಯಲ್ಲೇ ಕೊಳವೆ ತೆಗೆಸಿ, ತೊಳೆಸಿ, ಹಾಕಿಸಿದಳಂತೆ. "ಇಷ್ಟಕ್ಕೆ ಚಿಕ್ಕಜಾಲದಿಂದ ವಾರ ವಾರ ಬರ್ತೀರಾ? ತಿಂಗಳಿಗೊಂದ್ಸಲ ಸಾಕಲ್ವಾ? ಯಾರು ಹೇಳಿದ್ದು?" ಎಂದು ಕೇಳಿದಳಂತೆ. ಅವಳ ತಪ್ಪೇನೂ ಇಲ್ಲ.

ನಾನು ವಾಪಸು ಬಂದ ಮೇಲಿನ ಬುಧವಾರ ಇಬ್ಬರೂ ಬಂದರು. ಕ್ರಿಸ್‌ಮಸ್ ವಾರವಾದ್ದರಿಂದ ಡಾಕ್ಟರು ರಜೆಯಲ್ಲಿದ್ದರು. ಅಜ್ಜಿ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಬೆಂಚಿನ ಮೇಲೆ ಕೂತು, ಸೊಗಡಿನ ಅವರೆಕಾಯಿಯ ಚೀಲವನ್ನು ನನ್ನ ಮುಂದಿಟ್ಟು, ಮೆಲ್ಲಗೆ ಕೇಳಿದಳು.

"ವಾರ ವಾರ ಬರ್ಬೇಕು ಅಂತ ಡಾಕ್ಟ್ರು ಯೋಳಿದ್ರಾ ಸಿಸ್ಟ್ರೇ?"

"ಇಲ್ಲಜ್ಜಿ."

"ಮನೇಲಿ ತೆಗೀಬಾರ್ದು ಅಂತ?"

"ಇಲ್ಲ."

"ಮತ್ತೆ ವರ್ಷ ಮೂಗು ಚುಚ್ಚಬಾರ್ದು ಅಂದ್ರಲ್ಲ, ಅದು?"

"ಅದು ಡಾಕ್ಟರೇ ಹೇಳಿದ್ದು. ಅದು ಮಾತ್ರ ನಿಜ ಅಜ್ಜಿ, ದೇವರಾಣೆ."

"ಅದು ಮಾತ್ರ" ಎಂದಳು ಅಜ್ಜಿ. "ಡಾಕ್ಟ್ರು ಯೋಳಿದ್ದು ಯಾವ್ದು, ನೀವು ಯೋಳಿದ್ದು ಯಾವ್ದು ಅಂತ ನಮ್ಗೆ ಎಂಗ್ ಗೊತ್ತಾಗ್ಬೇಕು ತಾಯಿ? ನಾವು ಓದಿದೋರಲ್ಲ."

"ಬರೋ ಬುಧವಾರ ಡಾಕ್ಟರು ಇರ್ತಾರೆ. ನೀವೇ ಬಂದು ಕೇಳ್ರಿ."

"ಇನ್ನೊಂದು ಬುದ್ವಾರನಾ?" ಎಂದಳು ಅಜ್ಜಿ.

ಅಜ್ಜಿ ಎದ್ದು ಗೇಟಿನ ಕಡೆ ನಡೆದಳು. ಜಯಮ್ಮ ಹಿಂದೆ ಉಳಿದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು.

"ನಂಗೂ ಬರೋಕೆ ಇಷ್ಟ ಇತ್ತು ಶಾಂತಕ್ಕ" ಎಂದಳು. "ಸುಮ್ನೆ ಬಾ ಅಂದಿದ್ರೂ ಬರ್ತಿದ್ದೆ."

ಡಾಕ್ಟರು ರಜೆಯಿಂದ ಬಂದ ಮೇಲೆ ನಾನು ಅವರಿಗೆ ಹೇಳಬಹುದಿತ್ತು. ಅವರ ಕೈಯಲ್ಲಿ ಒಂದು ಚೀಟಿ ಬರೆಸಿ ಚಿಕ್ಕಜಾಲಕ್ಕೆ ಹೋಗಿ ಕೊಡಬಹುದಿತ್ತು. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಹೇಳಿದರೆ, ಅಜ್ಜಿ ನನ್ನ ಮಾತನ್ನು ಯಾಕೆ ನಂಬುತ್ತಿಲ್ಲ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಹೇಳಲಿಲ್ಲ. ಬುಧವಾರಗಳು ಬಂದವು. ನೇರಳೆ ಮರದ ಕೆಳಗೆ ಒಬ್ಬಳೇ ಕೂತು ಕಾಫಿ ಕುಡಿದೆ. ಮೇರಿಯಮ್ಮ ಒಂದೆರಡು ಸಲ ಎರಡು ಲೋಟ ತಂದಳು, ಆಮೇಲೆ ಒಂದೇ ತಂದಳು.

ಫೆಬ್ರವರಿಯಲ್ಲಿ, ಒಂದು ಬುಧವಾರ ಬೆಳಿಗ್ಗೆ, ಅವರು ಬಂದರು. ಜಯಮ್ಮ ಸೆರಗನ್ನು ಮತ್ತೆ ಮುಖದ ಮೇಲೆ ಹಿಡಿದಿದ್ದಳು. ಅವಳಿಗಿಂತ ಮೊದಲು ವಾಸನೆ ಒಳಗೆ ಬಂತು: ಬಿಸಿ ಮಾಡಿದ ಹರಳೆಣ್ಣೆ, ಅರಿಶಿನ. ಅದರ ಅಡಿಯಲ್ಲಿ ಇನ್ನೊಂದು ವಾಸನೆ. ನರ್ಸಾದವಳಿಗೆ ಅದು ಗೊತ್ತು. ಸೆರಗು ಸರಿಸಿದೆ. ಎಡ ಹೊಳ್ಳೆ ಊದಿ ಕೆಂಪಾಗಿ ಕೆನ್ನೆಗೆ ಕೂಡಿಕೊಂಡಿತ್ತು. ಹಳದಿ ಲೇಪದ ನಡುವೆ, ಮಾಂಸದೊಳಗೆ ಹೂತಂತೆ, ಕೆಂಪು ಕಲ್ಲು. ಸಂಕ್ರಾಂತಿ ಕಳೆದ ಮೇಲೆ ಚುಚ್ಚಿಸಿದ್ದರು. ಮೊದಲ ನಾಲ್ಕು ದಿನ ಊರವರೆಲ್ಲ ಬಂದು ನೋಡಿ ಹೋಗಿದ್ದರು. ಆಚಾರಿ, "ಈಗ ನೋಡು, ಕಲ್ಲು ನೆಟ್ಟಗೆ ನೋಡ್ತದೆ" ಎಂದಿದ್ದನಂತೆ. ಐದನೆಯ ದಿನ ಜ್ವರ ಬಂದಿತ್ತು. ಎಣ್ಣೆ ಹಚ್ಚಿದರೆ ಇಳಿಯುತ್ತದೆ ಎಂದು ಕಾದಿದ್ದರು.

ಕಲ್ಲನ್ನು ತೆಗೆದವಳು ನಾನು. ಅವಳು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಮಧ್ಯಾಹ್ನ ಡಾಕ್ಟರು ಹೊಳ್ಳೆ ಬಿಡಿಸಿ ಕೀವು ತೆಗೆದರು. ಕಿವಿಯಿಂದ ತಂದು ಕೂಡಿಸಿದ್ದ ಆ ಚೂರು ಇಕ್ಕಳಕ್ಕೆ ತುಂಡು ತುಂಡಾಗಿ ಬಂತು. ಬಟ್ಟಲು ಹಿಡಿದು ನಿಂತವಳು ಈ ಸಲವೂ ನಾನೇ.

ಆಮೇಲೆ ವಾರ್ಡಿನಲ್ಲಿ ಡಾಕ್ಟರು ಗದರಿಸಿದರು. "ಒಂದು ವರ್ಷ ಬೇಡ ಅಂದಿರ್ಲಿಲ್ವಾ? ಯಾರೂ ಹೇಳ್ಲಿಲ್ವಾ ನಿಮ್ಗೆ?"

ಅಜ್ಜಿ ಬಾಯಿ ತೆರೆದಳು. ಅದಕ್ಕೆ ಮೊದಲು ಜಯಮ್ಮ ಪಟ್ಟಿಯ ಒಳಗಿನಿಂದ ಹೇಳಿದಳು: "ಸಿಸ್ಟ್ರು ಬೇಡ ಅಂದಿದ್ರು ಸಾಮಿ. ನಾವೇ ಕೇಳ್ಲಿಲ್ಲ."

ಡಾಕ್ಟರು ನನ್ನ ಕಡೆ ನೋಡಿ, ನಿಮ್ಮಿಂದೇನು ಮಾಡಲಾಗುತ್ತಿತ್ತು ಎಂಬಂತೆ ತಲೆಯಾಡಿಸಿದರು. ನಾನು ತಲೆ ತಗ್ಗಿಸಿ ಟ್ರೇಯಲ್ಲಿದ್ದ ಕತ್ತರಿಗಳನ್ನು ಜೋಡಿಸಿದೆ. ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿರುವುದು ಕೀವಲ್ಲ, ಆ ಕತ್ತರಿಗಳು. ದೊಡ್ಡದರಿಂದ ಚಿಕ್ಕದಕ್ಕೆ, ಒಂದರ ಪಕ್ಕ ಒಂದು, ಎರಡು ಸಲ ಜೋಡಿಸಿದೆ.

ಗಾಯ ಮಾಗಿತು. ಹೊಳ್ಳೆ ಮತ್ತೆ ಇಳಿಯಿತು. ಪೂರ್ತಿ ಮೊದಲಿನಷ್ಟಲ್ಲ, ತುದಿ ನಡುವಿನಲ್ಲೇ ಉಳಿಯಿತು. ಆದರೆ ಅಂಚು ಒಳಕ್ಕೆ ಮಡಚಿಕೊಂಡು, ಚುಚ್ಚಿದ ಜಾಗದಲ್ಲಿ ಒಂದು ಕುಳಿ ನಿಂತಿತು. "ವರ್ಷ ಬಿಟ್ಟು ಬನ್ನಿ, ಇನ್ನೊಂದು ಕಿವಿ ಇದೆಯಲ್ಲ, ನೋಡೋಣ" ಎಂದರು ಡಾಕ್ಟರು. ಅವರು ಬರಲಾರರೆಂದು ಅಜ್ಜಿಯ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು.

ಏಪ್ರಿಲ್ ಮೊದಲ ವಾರ, ರಜೆಯ ದಿನ, ನಾನು ಚಿಕ್ಕಜಾಲದ ಬಸ್ಸು ಹತ್ತಿದೆ. ಹತ್ತು ತಿಂಗಳಲ್ಲಿ ಮೊದಲ ಸಲ. ಕಲ್ಲುಕಂಬಗಳ ಮೇಲೆ ಹಬ್ಬಿಸಿದ ಚಪ್ಪರದ ಕೆಳಗೆ ಕೊನೆಯ ಗೊಂಚಲುಗಳನ್ನು ಕೊಯ್ಯುತ್ತಿದ್ದರು. ಹೊರಗೆ ಬಿಸಿಲು ಉರಿಯುತ್ತಿದ್ದರೂ ಒಳಗೆ ಹಸಿರು ನೆರಳು. ಅಜ್ಜಿ ನನ್ನನ್ನು ನೋಡಿ ಹಣ್ಣು ತುಂಬಿದ ಕಂಕರಿ ಬುಟ್ಟಿಯನ್ನು ಕೆಳಗಿಟ್ಟಳು.

"ತಪ್ಪು ನಂದಜ್ಜಿ" ಅಂದೆ. ದಾರಿಯುದ್ದಕ್ಕೂ ಬೇರೆ ಏನೇನೋ ಕೂಡಿಸಿಕೊಂಡಿದ್ದೆ. ಅಷ್ಟೇ ಬಂತು.

ಅಜ್ಜಿ ಗೊಂಚಲಿನಿಂದ ಒಡೆದ ಕಾಯಿ ಕಿತ್ತು ಎಸೆಯುತ್ತಾ ಹೇಳಿದಳು: "ಆಚಾರಿ ಮುಂದೆ ಕೂರಿಸ್ದೋಳು ನಾನು. ಅದರಾಗೆ ನಂದೊಂದು ಪಾಲು ಐತೆ, ಪೂರಾ ನೀನೇ ತಕ್ಕೊಂಡು ಓಗ್ಬೇಡ." ಅವಳು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

ಜಯಮ್ಮ ಚಪ್ಪರದ ಆ ತುದಿಯಿಂದ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಮುಖ ಮುಚ್ಚಿರಲಿಲ್ಲ. ಕೆಂಪು ಕಲ್ಲು ಬಲಗಡೆಯ ಹೊಳ್ಳೆಯಲ್ಲಿತ್ತು.

ನಾನು ನೋಡುತ್ತಿರುವುದನ್ನು ಅವಳು ಕಂಡಳು. "ಅವ್ವಂದು ಎಡಕ್ಕಿತ್ತು" ಎಂದಳು. "ಬಲಕ್ಕೆ ಬೇಡ ಅಂತ ಅಜ್ಜಿ ಅತ್ಲು. ಚುಚ್ಚಿಸ್ಕಂಡು ಕನ್ನಡಿ ನೋಡಿದ್ನಾ ಶಾಂತಕ್ಕ, ಅವ್ವ ಎದುರ್ಗೆ ಕೂತು ತಲೆ ಬಾಚೋವಾಗ ಕಲ್ಲು ಯಾವ ಕಡೆ ಕಾಣೋದೋ, ಕನ್ನಡೀಲೂ ಅದೇ ಕಡೆ ಕಾಣ್ತದೆ. ಬೇರೆಯವ್ರಿಗೆ ಬಲ. ನಂಗೆ ಸರಿಯಾಗೈತೆ."

ಅವಳ ಎದುರು ನಿಂತು ನಾನು ಮನಸ್ಸಿನಲ್ಲೇ ಎಡಬಲ ಮಾಡಿಕೊಂಡೆ. ಅವಳು ಹೇಳಿದ್ದು ನಿಜ.

ಬಸ್ಸಿಗೆ ಬಿಡಲು ಬಂದವಳು ದ್ರಾಕ್ಷಿಯ ಪೊಟ್ಟಣ ಕೈಗಿಟ್ಟು, "ಮತ್ಯಾವಾಗ ಬರ್ತೀರ?" ಎಂದು ಕೇಳಿದಳು.

"ಬರ್ತೀನಿ" ಅಂದೆ.

ಹೋಗಲಿಲ್ಲ. ಅದೂ ಸುಳ್ಳೇ ಆಯಿತು. ಮೇ ತಿಂಗಳಲ್ಲಿ ಯಶವಂತಪುರದ ಒಂದು ಆಸ್ಪತ್ರೆಗೆ ಕೆಲಸ ಬದಲಿಸಿದೆ. ಆ ಮೇಲೆ ಇಷ್ಟು ವರ್ಷ ನಗರದ ಇದೇ ದಿಕ್ಕಿನಲ್ಲಿ ಬದುಕಿದ್ದೇನೆ. ಹೆದ್ದಾರಿ ಅಗಲವಾಗಿ ಆ ತೋಟ ಯಾವ ಕಡೆಗಿತ್ತು ಎಂದೂ ಈಗ ಗುರುತು ಸಿಗುವುದಿಲ್ಲ. ವಿಮಾನ ನಿಲ್ದಾಣಕ್ಕೆ ಯಾರನ್ನಾದರೂ ಬಿಡಲು ಹೋದರೆ, ಚಿಕ್ಕಜಾಲ ಬಂದಾಗ ಫೋನು ನೋಡುತ್ತೇನೆ.

ಮೆಟ್ಟಿಲ ಮೇಲೆ ಕೂತಿದ್ದ ನನ್ನ ಹತ್ತಿರ ಸುಷ್ಮಾ ಮಗುವನ್ನು ಎತ್ತಿಕೊಂಡು ಮತ್ತೆ ಬಂದಳು. ಮಗು ಅಳು ನಿಲ್ಲಿಸಿ ನನ್ನ ಕನ್ನಡಕಕ್ಕೆ ಕೈ ಚಾಚಿತು. ನನ್ನ ಮನೆಯಲ್ಲಿ ನಾನೊಬ್ಬಳೇ ಇರುವುದು. ವಾರಕ್ಕೊಮ್ಮೆ ಒಂದು ಮಗು ಬಂದು ಕನ್ನಡಕ ಎಳೆಯುವುದು ಬೇಡ ಅನ್ನಿಸುವಂಥದ್ದೇನಲ್ಲ.

"ಏನಂದ್ರಿ ಆಂಟಿ? ವಾರ ವಾರ ಕರ್ಕೊಂಡ್ ಬರ್ಲಾ?"

"ಬೇಕಾಗಿಲ್ಲಮ್ಮ" ಅಂದೆ. "ದಿನಾ ಶುದ್ಧ ನೀರಲ್ಲಿ ಒರೆಸು. ಎಣ್ಣೆ ಬೇಡ. ಕೆಂಪಾದ್ರೆ, ಊದಿದ್ರೆ ಮಾತ್ರ ಬಾ, ಅವತ್ತೇ ಬಾ. ಇಲ್ದಿದ್ರೆ ತೋರಿಸೋ ಅಗತ್ಯ ಇಲ್ಲ."

ಸರಿ ಎಂದು ಒಳಗೆ ಹೋದಳು. ಮೂರು ವಾರವಾಯಿತು. ಅವರು ಬಂದಿಲ್ಲ. ಕೆಂಪಾಗಿರಲಿಕ್ಕಿಲ್ಲ.